ಅಂಕೋಲೆಯಲ್ಲಿ ಗರ್ನಾಲು, ಗುಡುಗು ಮತ್ತು ಒಣಮೀನು

ಮೇ ತಿಂಗಳಲ್ಲಿ ಕರಾವಳಿಗೆ ಹೊರಟೆವು ಅಂದರೆ ಹುಬ್ಬಳ್ಳಿಯಲ್ಲಿ ಕೇಳಿದವರೆಲ್ಲ ನಗುತ್ತಾರೆ. "ಬೆವರು ಸುರಿಸಾಕ ಅಲ್ಲಿತನಕ ಯಾಕ್ ಹೋಗ್ಬೇಕ್ರಿ?" ಅಂತ ಪಕ್ಕದ ಮನೆಯವರು ಕೇಳಿಯೇ ಬಿಟ್ಟರು. ಮಾತು ಸುಳ್ಳಲ್ಲ. ಆದರೆ ಅತ್ತೆಯ ಊರಿನ ದೇವಸ್ಥಾನದ ವರ್ಧಂತಿ ಬರುವುದು ಮೇ ತಿಂಗಳಲ್ಲೇ. ಇಶಾಡ ಮಾವು ಪೇಟೆಗೆ ಬರುವುದೂ ಆಗಲೇ. ಮಕ್ಕಳಿಗೆ ರಜೆ ಇರುವುದೂ ಆಗಲೇ. ಹಾಗಾಗಿ ಒಂದು ಶನಿವಾರ ಬೆಳಗಿನ ಜಾವ ನಾನು, ನನ್ನ ಗಂಡ, ಅವ್ವ, ಇಬ್ಬರು ಮಕ್ಕಳು ಕಾರು ಹತ್ತಿದೆವು. ಮೊಬೈಲ್ ಉತ್ತರ ಕನ್ನಡಕ್ಕೆ ಯೆಲ್ಲೋ ಅಲರ್ಟ್ ತೋರಿಸುತ್ತಿತ್ತು. ಮುಂಗಾರು ಹತ್ತಿರ ಬಂದಾಗ ಅದು ತೋರಿಸದಿದ್ದರೇ ಆಶ್ಚರ್ಯ.

ಕಲಘಟಗಿ, ಯಲ್ಲಾಪುರ ದಾಟುವವರೆಗೆ ತಂಪಿತ್ತು. ಅರಬೈಲ್ ಘಾಟಿನ ತಿರುವಿನಲ್ಲಿ ಪದ್ಧತಿಯಂತೆ ಮಗಳು ವಾಂತಿ ಮಾಡಿದಳು. ಮುಂದೆ ಲಾರಿ, ಹಿಂದೆ ಲಾರಿ. ಹುಬ್ಬಳ್ಳಿ-ಅಂಕೋಲಾ ರೈಲು ಬಂದರೆ ಈ ಕಷ್ಟ ತಪ್ಪುತ್ತದೆ ಅಂತ ಮೊದಲು ಅಪ್ಪ ಹೇಳುತ್ತಿದ್ದರು. ಈಗ ನನ್ನ ಗಂಡ ಹೇಳುತ್ತಾರೆ. ರೈಲು ಮಾತ್ರ ಇನ್ನೂ ಬಂದಿಲ್ಲ. ಘಟ್ಟ ಇಳಿದರೆ ಗಂಗಾವಳಿ ನದಿ ಜೊತೆಯಾಗುತ್ತದೆ. ಧಾರವಾಡದ ಶಾಲ್ಮಲೆಯ ನೀರನ್ನೂ ಸೇರಿಸಿಕೊಂಡು ಮಾಗೋಡಿನಲ್ಲಿ ಧುಮುಕುವ ಬೇಡ್ತಿಯೇ ಇಲ್ಲಿ ಗಂಗಾವಳಿ. ನಮ್ಮೂರಿನ ಕಡೆಯ ನೀರು ನಮಗಿಂತ ಮೊದಲೇ ಸಮುದ್ರಕ್ಕೆ ಹೊರಟಿದೆ ಅಂತ ಮಗನಿಗೆ ಹೇಳಿದೆ. ಅವನು ಇಯರ್‌ಫೋನ್ ಹಾಕಿಕೊಂಡಿದ್ದ.

ಅತ್ತೆ ಅಂದರೆ ಅಪ್ಪನ ತಂಗಿ. ಪ್ರಾಥಮಿಕ ಶಾಲೆಯ ಟೀಚರಾಗಿ ಅಂಕೋಲಾ ತಾಲೂಕಿಗೆ ಹೋದವರು ಅಲ್ಲೇ ಮದುವೆಯಾಗಿ ಉಳಿದರು. ಊಟ ಪೂರ್ತಿ ಕರಾವಳಿಯದಾಗಿದೆ, ಮಾತು ಮಾತ್ರ ಇವತ್ತಿಗೂ ಹುಬ್ಬಳ್ಳಿಯದು. ಅವರ ಮನೆ ಅವರ್ಸಾ ದಾಟಿ ಸ್ವಲ್ಪ ಒಳಗೆ, ಸಮುದ್ರದ ಸದ್ದು ಕೇಳುವಷ್ಟು ದೂರದಲ್ಲಿದೆ. ನಾವು ಹೋಗಿ ಇಳಿದಾಗ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಂದು ಕಡೆ ಹಳೆ ಸೀರೆಯ ಮೇಲೆ ಹಲಸಿನ ಹಪ್ಪಳ. ಇನ್ನೊಂದು ಕಡೆ ಮುರುಗಲು (ಕೋಕಂ) ಸಿಪ್ಪೆ, ಬಿಸಿಲಿಗೆ ಕೆಂಪು ಹೋಗಿ ಕಪ್ಪಾಗುತ್ತಿತ್ತು. ಬೇಲಿಯ ಹತ್ತಿರ, ಬಲೆಯ ಕೆಳಗೆ, ಸೀಳಿ ಉಪ್ಪು ಹಾಕಿದ ಬಂಗಡೆ ಮತ್ತು ಒಂದು ಚಾಪೆ ತುಂಬ ಶೆಟ್ಲಿ, ಅಂದರೆ ಸೀಗಡಿ. ಅವ್ವ ಮೀನು ಮುಟ್ಟುವವರಲ್ಲ. ಕಾರಿನಿಂದ ಇಳಿಯುವಾಗಲೇ ಸೆರಗು ಮೂಗಿಗೆ ಹೋಯಿತು.

"ಬಂದ್ರ್ಯಾ? ಛಲೋ ಆತು. ಕೈಕಾಲು ತೊಳ್ಕೊಂಡು, ಚಾ ಕುಡದು, ಕಟಗಿ ಒಳಗ ಹಾಕ್ರಿ" ಅಂದರು ಅತ್ತೆ.

ಕರಾವಳಿಯವರಿಗೆ ಮೇ ತಿಂಗಳು ಎಂಥಾದ್ದು ಅಂತ ಹೋಟೆಲಿನಲ್ಲಿ ಉಳಿಯುವವರಿಗೆ ಗೊತ್ತಾಗುವುದಿಲ್ಲ. ನಮಗೆ ಅದು ರಜೆ. ಅವರಿಗೆ ಅದು ಇಡೀ ವರ್ಷದ ಗಡಿಬಿಡಿಯ ತಿಂಗಳು. ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಣಗಬೇಕು, ಹಂಚು ಸರಿ ಮಾಡಬೇಕು, ಬಚ್ಚಲಿನ ಹಿಂದೆ ತೆಂಗಿನ ತಟ್ಟಿ ಕಟ್ಟಬೇಕು, ಮಳೆಗಾಲಕ್ಕೆ ಬೇಕಾದ್ದೆಲ್ಲ ಡಬ್ಬಿ ಸೇರಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಸಮುದ್ರವೂ ಹುಚ್ಚೆದ್ದಿರುತ್ತದೆ. ನಾಡದೋಣಿಯವರು ತಂದದ್ದೇ ತಾಜಾ ಮೀನು, ಅದೂ ದುಬಾರಿ. ಆ ದಿನಗಳಲ್ಲಿ ಗಂಜಿಯ ಜೊತೆ ಸುಟ್ಟ ಒಣಬಂಗಡೆಯೇ ಗತಿ, ಅದೇ ರುಚಿ ಕೂಡ.

ಮಧ್ಯಾಹ್ನದ ಊಟದ ವಿಷಯ ಜಾಸ್ತಿ ಹೇಳುವುದಿಲ್ಲ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಅವ್ವನಿಗೆ ಬೇರೆ ಪಾತ್ರೆಯಲ್ಲಿ ಬಸಳೆ. ಆಮೇಲೆ ಮುರುಗಲು ಕಡಿ. ಎಲ್ಲರೂ ಜಗುಲಿಯಲ್ಲಿ ಉರುಳಿಕೊಂಡೆವು. ಗಾಳಿಯೇ ಇಲ್ಲ. ಫ್ಯಾನ್ ತಿರುಗುತ್ತಿದ್ದರೂ ಬೆನ್ನ ಕೆಳಗೆ ನೆಲ ಒದ್ದೆ. ಮಾಮ ಮಾತ್ರ ಮೆಟ್ಟಿಲ ಮೇಲೆ ಕೂತು ಪೂರ್ವಕ್ಕೆ ನೋಡುತ್ತಿದ್ದರು. ಇಲ್ಲಿ ಮೇ ತಿಂಗಳ ಮಳೆ ಸಮುದ್ರದಿಂದ ಬರುವುದಿಲ್ಲ, ಘಟ್ಟದಿಂದ ಇಳಿದು ಬರುತ್ತದೆ. ಹಗಲೆಲ್ಲ ಸಮುದ್ರದ ಹಸಿಗಾಳಿ ಒಳನಾಡಿಗೆ ನುಗ್ಗುತ್ತದೆ, ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ, ಅಲ್ಲಿ ಕಾದ ಗಾಳಿಯೊಂದಿಗೆ ಸೇರಿ ಮೋಡವಾಗಿ ಏಳುತ್ತದೆ. ಸಂಜೆ ಆಗುವಾಗ ಅದು ಗುಡುಗಿಕೊಂಡು ವಾಪಸ್ ಬರುತ್ತದೆ. ಮುಂಗಾರು ಹಿಡಿದ ಮೇಲಷ್ಟೇ ಲೆಕ್ಕ ತಿರುಗಿ, ಮಳೆ ಪಶ್ಚಿಮದಿಂದ ಬರತೊಡಗುತ್ತದೆ.

ನಾಲ್ಕೂವರೆಗೆ ಘಟ್ಟದ ತಲೆ ಕಪ್ಪಾಯಿತು. ಅತ್ತೆ ಎದ್ದು ನಿಂತರು.

"ಎಂತಾ ಗಡಿಬಿಡಿ ಮಾಡ್ತ್ಯೇ? ಇನ್ನೂ ಒಂದ್ ತಾಸ್ ಅದೆ ಮಳೆ ಬರೂಕೆ" ಅಂದರು ಮಾಮ.

ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಮೊದಲು ತೆಂಗಿನ ಗರಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು. ಆಮೇಲೆ ಗಾಳಿ ಅಂಗಳಕ್ಕೆ ಇಳಿಯಿತು. ಹಪ್ಪಳದ ಸೀರೆಯ ಒಂದು ಮೂಲೆ ಎದ್ದು, ಅರ್ಧ ಹಪ್ಪಳ ಬಾವಿ ಕಟ್ಟೆಯ ತನಕ ಉರುಳಿದವು. ಮಗ ಅವುಗಳ ಹಿಂದೆ ಓಡಿದ. ನನ್ನ ಗಂಡ ಮುರುಗಲು ಸಿಪ್ಪೆಯನ್ನು ಕೈಯಲ್ಲಿ ಬಾಚಿ ಬಾಚಿ ಬುಟ್ಟಿಗೆ ಹಾಕಿದರು. ಬಿಳಿ ಅಂಗಿಗೆ ಬಿದ್ದ ಆ ಕಲೆ ಇವತ್ತಿಗೂ ಹೋಗಿಲ್ಲ. ಪಕ್ಕದ ತೋಟದಲ್ಲಿ ಮಾವಿನಕಾಯಿ ದಬ ದಬ ಬೀಳುತ್ತಿದ್ದವು. ಉಳಿದದ್ದು ಬೇಲಿ ಹತ್ತಿರದ ಮೀನು. ಅಲ್ಲಿಗೆ ಹತ್ತಿರ ನಿಂತವರು ಅವ್ವ ಒಬ್ಬರೇ.

"ವೈನೀ, ಮೂಗು ಆಮ್ಯಾಲ ಮುಚ್ಕೊಳ್ರಿ, ಮೊದ್ಲ ಆ ಚಾಪಿ ಹಿಡೀರಿ!" ಅಂತ ಅತ್ತೆ ಕೂಗಿದರು.

ಜೀವಮಾನದಲ್ಲಿ ಮೀನಿನ ಅಂಗಡಿ ಇರುವ ರಸ್ತೆಯನ್ನೇ ತಪ್ಪಿಸಿ ಹೋಗುವ ಅವ್ವ, ಚಾಪೆಯ ಎರಡು ತುದಿ ಹಿಡಿದು, ಮುಖ ಪೂರ್ತಿ ಆಚೆ ತಿರುಗಿಸಿಕೊಂಡು, ದಾರಿ ಕಾಣದೆ ಅಡ್ಡಡ್ಡ ನಡೆಯುತ್ತಾ ಜಗುಲಿ ಹತ್ತಿದರು. ದಪ್ಪ ಹನಿಗಳು ಬಿದ್ದದ್ದು ಅವರ ಹಿಂದೆಯೇ. ಒಂದು ಶೆಟ್ಲಿಯೂ ನೆನೆಯಲಿಲ್ಲ. ಅತ್ತೆ ಅದನ್ನು ಆ ಓಣಿಯಲ್ಲಿ ಯಾರು ಸಿಕ್ಕಿದರೂ ಹೇಳಿದರು. ಮಾಮ ಮಳೆ ನಿಲ್ಲುವವರೆಗೆ ಮಾತಾಡಲಿಲ್ಲ.

ಅರ್ಧ ತಾಸಿನ ಮಳೆ. ಏಳು ಗಂಟೆಗೆ ಆಕಾಶ ತೊಳೆದು ಇಟ್ಟಂತಿತ್ತು, ನಕ್ಷತ್ರ ಕಾಣುತ್ತಿದ್ದವು. "ಇವತ್ತಿಂದು ಮುಗೀತು" ಅಂತ ದೇವಸ್ಥಾನದ ಕಮಿಟಿಯವರು ನಿರ್ಧರಿಸಿ, ಒದ್ದೆ ಶಾಮಿಯಾನ ಹಿಂಡಿ ಮತ್ತೆ ಕಟ್ಟಿದರು. ರಾತ್ರಿ ಪೂಜೆ, ಪಲ್ಲಕ್ಕಿ, ಊಟ, ಆಮೇಲೆ ಸಿಡಿಮದ್ದು, ಅದರ ನಂತರ ಯಕ್ಷಗಾನ. ಬಡಗುತಿಟ್ಟಿನ ಮೇಳ, ಆ ವರ್ಷದ ತಿರುಗಾಟದ ಕೊನೆಯ ಆಟಗಳಲ್ಲಿ ಒಂದು. ಮಳೆಗಾಲ ಬಂತೆಂದರೆ ಬಯಲಾಟದ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ.

ಮದ್ದು ಸುಡುವುದು ಸಮುದ್ರ ದಂಡೆಯಲ್ಲಿ. ಮೊದಲು ದೇವಸ್ಥಾನದ ಎದುರಿನ ಗದ್ದೆಯಲ್ಲೇ ಸುಡುತ್ತಿದ್ದರಂತೆ. 2016ರ ಏಪ್ರಿಲ್‌ನಲ್ಲಿ ಕೇರಳದ ಪುಟ್ಟಿಂಗಲ್ ದೇವಸ್ಥಾನದಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದಾದ ಮೇಲೆ ಮಾಮ ಕಮಿಟಿಯಲ್ಲಿ ಹಟ ಹಿಡಿದು ಜಾಗ ಬದಲಿಸಿದರು. ಮಳೆಯ ಲೆಕ್ಕ ತಪ್ಪಿದರೂ ಈ ಲೆಕ್ಕದಲ್ಲಿ ಮಾಮ ಪಕ್ಕಾ. ಹಗ್ಗ ಕಟ್ಟಿ, ಜನರನ್ನು ಗಾಳಿಮರದ ತೋಪಿನ ಈಚೆಗೇ ನಿಲ್ಲಿಸಿದ್ದರು. ಇನ್ನೂ ಸುಡದ ಮದ್ದಿನ ಚೀಲ ಬೇರೆ ಕಡೆ, ತಾಡಪಾಲಿನ ಕೆಳಗೆ. ಹತ್ತಿರ ಎರಡು ಬ್ಯಾರೆಲ್ ನೀರು.

ಮೊದಲು ಗರ್ನಾಲು. ಬೆಳಕು ಕಡಿಮೆ, ಸದ್ದು ಜಾಸ್ತಿ. ಮಗಳು ಕಿವಿ ಮುಚ್ಚಿಕೊಂಡು ನನ್ನ ಹೊಟ್ಟೆಗೆ ಮುಖ ಒತ್ತಿದಳು. ಆಮೇಲೆ ಆಕಾಶದ ಬಾಣಗಳು. ಹಸಿರು, ಕೆಂಪು, ಬಂಗಾರದ ಬಣ್ಣ. ದಂಡೆಯ ಒದ್ದೆ ಮರಳಿನಲ್ಲಿ ಅದೇ ಬಣ್ಣ ಇನ್ನೊಮ್ಮೆ ಕಾಣುತ್ತಿತ್ತು, ಅಲೆ ಬಂದು ಒರೆಸುತ್ತಿತ್ತು. ನಾನು ಪಟಾಕಿಯ ಅಭಿಮಾನಿ ಅಲ್ಲ. ಹುಬ್ಬಳ್ಳಿಯ ಓಣಿಯಲ್ಲಿ ದೀಪಾವಳಿಗೆ ಬಾಗಿಲು ಹಾಕಿ ಕೂರುವವಳು. ಆದರೆ ಮೇಲೆ ಅಷ್ಟು ದೊಡ್ಡ ಆಕಾಶ, ಎದುರಿಗೆ ಸಮುದ್ರ ಇದ್ದರೆ ಅದು ಬೇರೆಯೇ. ಹೊಗೆ ಮೂಗಿಗೆ ಬರುವ ಮೊದಲೇ ಗಾಳಿ ಅದನ್ನು ನೀರಿನ ಮೇಲೆ ಒಯ್ಯುತ್ತಿತ್ತು.

ಗಾಳಿ ನೀರಿನ ಕಡೆಗೆ ಬೀಸುತ್ತಿದೆ ಅಂದರೆ ಏನರ್ಥ ಅಂತ ಅಲ್ಲಿದ್ದ ಮೀನುಗಾರರಿಗೆ ತಕ್ಷಣ ಹೊಳೆಯಿತು. ಇಬ್ಬರು ಎದ್ದು ದೋಣಿಗಳನ್ನು ಇನ್ನಷ್ಟು ಮೇಲಕ್ಕೆ ಎಳೆಯಲು ಹೋದರು. ನಾವೆಲ್ಲ ಪಶ್ಚಿಮಕ್ಕೆ ಬಾಯಿ ತೆರೆದು ನಿಂತಿದ್ದೆವು, ಬೆನ್ನ ಹಿಂದೆ ಘಟ್ಟದ ಮೇಲೆ ಮಿಂಚು ಶುರುವಾಗಿತ್ತು.

ಮಗ ಇಯರ್‌ಫೋನ್ ತೆಗೆದದ್ದು ಆಗ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಶಾಲೆಯಲ್ಲಿ ಕಲಿತದ್ದು. ಎಣಿಸತೊಡಗಿದ. ತೊಂದರೆ ಏನೆಂದರೆ ಮಧ್ಯದಲ್ಲಿ ಗರ್ನಾಲು ಹೊಡೆಯುತ್ತಿತ್ತು. "ಇದು ಗುಡುಗಾ, ಅವರದ್ದಾ?" ಅಂತ ಪ್ರತಿ ಸಲ ಕೇಳುತ್ತಿದ್ದ. ಹದಿನೈದು ಬಂತು, ಹನ್ನೆರಡು ಬಂತು. ಆರು ಅಂತ ಎಣಿಸುವಾಗ ಮಾಮ ಹಗ್ಗ ದಾಟಿ ಹೋಗಿ ಕೈ ಬೀಸಿದರು. ಮದ್ದು ನಿಂತಿತು. ಬಯಲಿನಲ್ಲಿ ನಿಂತವರಿಗೆ ಸಿಡಿಲಿಗಿಂತ ದೊಡ್ಡ ಶತ್ರು ಇಲ್ಲ, ಗಾಳಿಮರದ ಕೆಳಗೆ ನಿಂತರೆ ಇನ್ನೂ ಕೆಟ್ಟದ್ದು. "ಎಲ್ಲಾ ಮನೆಗೆ ನಡೀರಿ, ಓಡಿ" ಅಂತ ಮೈಕಿನಲ್ಲಿ ಕೂಗಿದರು. ಅಷ್ಟರಲ್ಲಿ ಕರೆಂಟ್ ಹೋಗಿ ಮೈಕೂ ಸತ್ತಿತು.

ಈ ಸಲದ್ದು ಸಂಜೆಯ ಮಳೆಯಂಥದ್ದಲ್ಲ. ಟಾರ್ಚಿನ ಬೆಳಕಿನಲ್ಲಿ ಎದುರಿನವರ ಬೆನ್ನೂ ಕಾಣಲಿಲ್ಲ. ಶಾಮಿಯಾನ ಒಂದು ಗೂಟ ಕಿತ್ತುಕೊಂಡು ಪಟಪಟ ಬಡಿಯುತ್ತಿತ್ತು. ನಾವು ಜಗುಲಿ ಮುಟ್ಟಿದಾಗ ಅಲ್ಲಿ ಆಗಲೇ ಜನ. ವೇಷ ಕಟ್ಟುವ ಚೌಕಿಯ ತಗಡು ಹಾರಿತ್ತಂತೆ. ಮೇಳದವರು ಸಿಕ್ಕ ಸಿಕ್ಕ ಮನೆ ಹೊಕ್ಕಿದ್ದರು. ಅತ್ತೆಯ ಜಗುಲಿಗೆ ಬಂದವರು ಮದ್ದಳೆಯವರು, ಇಬ್ಬರು ಹುಡುಗರು, ಮತ್ತೆ ಒಬ್ಬ ಬಣ್ಣದ ವೇಷ. ಮದ್ದಳೆಯವರು ತಾವು ನೆಂದಿದ್ದರು, ಮದ್ದಳೆಗೆ ಮಾತ್ರ ಎರಡು ಪದರ ಪ್ಲಾಸ್ಟಿಕ್ ಸುತ್ತಿತ್ತು. ಚರ್ಮಕ್ಕೆ ನೀರು ತಾಗಿದರೆ ಶ್ರುತಿ ಹೋಯಿತು.

ಬಣ್ಣದ ವೇಷದವರು ಬೆಂಚಿನ ಮೇಲೆ ಕೂತು ದೊಡ್ಡ ಕಿರೀಟವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಲಾಟೀನಿನ ಬೆಳಕು ಕೆಳಗಿನಿಂದ ಬೀಳುತ್ತಿತ್ತು. ಮುಖದ ಅರ್ಧ ರಾಕ್ಷಸ ಗಟ್ಟಿಯಾಗಿದ್ದ, ಇನ್ನರ್ಧ ಕರಗಿ ಗಂಟಲಿಗೆ ಇಳಿಯುತ್ತಿತ್ತು. ಅವರು ಒಂದು ಬೆರಳಿನಿಂದ, ಕನ್ನಡಿ ಇಲ್ಲದೆಯೇ, ಇಳಿದ ಕೆಂಪನ್ನು ಮೇಲಕ್ಕೆ ತಳ್ಳುತ್ತಿದ್ದರು. ಮಗಳು ಬಾಗಿಲ ಸಂದಿಯಲ್ಲಿ ಬಹಳ ಹೊತ್ತು ನೋಡಿದಳು. ಕೊನೆಗೆ ಕೇಳಿದಳು, "ನೀವು ಒಳ್ಳೆಯವರಾ, ಕೆಟ್ಟವರಾ?"

"ಇವತ್ತು ಕೆಟ್ಟವ್ನೇ ಮಗಾ. ಬೆಳಗಾಗೂದ್ರೊಳಗೆ ಸಾಯ್ತೆ" ಅಂದರು ಅವರು.

ಅತ್ತೆ ಎಲ್ಲರಿಗೂ ಚಹಾ ಕೊಟ್ಟರು. ರಾಕ್ಷಸ ಬಣ್ಣಕ್ಕೆ ತಾಗದಂತೆ ಚಹಾವನ್ನು ಮೇಲಿನಿಂದ ಬಾಯಿಗೆ ಸುರಿದುಕೊಂಡ. ಆ ಕಡೆ ಕಮಿಟಿಯ ಹುಡುಗರು ಉಳಿದ ಮದ್ದಿನ ಚೀಲ ಹೊತ್ತುಕೊಂಡು ಅಂಗಳಕ್ಕೆ ಬಂದರು. ಅತ್ತೆ ಸೌಟು ಎತ್ತಿ, "ಅದನ್ನ ತಗೊಂಡು ಮೆಟ್ಟಲ ಹತ್ತೀರಿ ಅಂದ್ರ ನೋಡ್ರಿ!" ಅಂತ ಅಲ್ಲೇ ತಡೆದರು. ಚೀಲ ಗದ್ದೆಯ ಬದುವಿನ ಮೇಲೆ ರಾತ್ರಿ ಕಳೆಯಿತು.

ಹನ್ನೊಂದೂವರೆಗೆ ಮಳೆ ನಿಂತಿತು. ಜನರೇಟರ್ ತಂದರು. ನನ್ನ ನಿದ್ದೆಗಣ್ಣಿನ ಲೆಕ್ಕದಲ್ಲಿ ಆಟ ಶುರುವಾದಾಗ ಒಂದು ಗಂಟೆ. ಜನ ಅರ್ಧಕ್ಕರ್ಧ ಹೋಗಿದ್ದರು, ಉಳಿದವರು ಗೋಣಿಚೀಲ ಹಾಸಿಕೊಂಡು ಕೂತರು. ಅವ್ವ ಬೆಳಗಿನವರೆಗೂ ಕೂತಿದ್ದರು. ನಮ್ಮ ಜಗುಲಿಯ ರಾಕ್ಷಸ ಅಬ್ಬರಿಸಿ ರಂಗಕ್ಕೆ ಬಂದಾಗ ಮಗಳು "ನಮ್ಮವರು!" ಅಂತ ಕೂಗಿದಳಂತೆ. ನಾನು ಆಗ ಕಂಬಕ್ಕೆ ಒರಗಿ ಮಲಗಿದ್ದೆ.

ಭಾನುವಾರ ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಟ್ಯಾಂಕಿನಲ್ಲಿ ನೀರಿಲ್ಲ. ಬಾವಿಯಿಂದ ಸೇದಿ ಸ್ನಾನ ಆಯಿತು. ಬಿದ್ದ ಗರಿ ಎಳೆದು ರಾಶಿ ಹಾಕಿದೆವು, ಮಾಮನಿಗೆ ಹಂಚು ಎತ್ತಿ ಕೊಟ್ಟೆವು. ಹನ್ನೊಂದಕ್ಕೆ ಮಾಮ, "ಕಾರವಾರ ನೋಡೂಕೆ ಹೋಗೂದಾದ್ರೆ ಈಗ್ಲೇ ಹೋಗಿ, ನಾಕ್ ಗಂಟೆ ಒಳಗೆ ಬಂದ್ಬಿಡಿ" ಅಂದರು. ಈ ಕಡೆಗೆ ಮೇ ತಿಂಗಳಲ್ಲಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಲ್ಲ. ನೋಡುವುದಿದ್ದರೆ ಬೆಳಿಗ್ಗೆ ನೋಡಿ. ಸೂರ್ಯಾಸ್ತದ ಫೋಟೊ ಆಸೆ ಬಿಡಿ.

ಹೆದ್ದಾರಿಯಲ್ಲಿ ಲೈನ್‌ಮ್ಯಾನ್‌ಗಳು ಕಂಬ ಹತ್ತಿದ್ದರು, ಒಂದು ಕಡೆ ಮರ ಕಡಿದು ಬದಿಗೆ ಸರಿಸುತ್ತಿದ್ದರು. ಬಿಣಗಾ ಕಳೆದು ಸುರಂಗ ಬಂದಾಗ ಮಕ್ಕಳು ಹೋ ಅಂತ ಕೂಗಿದರು. ಟಾಗೋರ್ ಕಡಲತೀರದಲ್ಲಿ ಸಮುದ್ರ ಕೆಂಪು ಮಣ್ಣಿನ ಬಣ್ಣ, ದಂಡೆಯ ತುಂಬ ಕಟ್ಟಿಗೆ, ತೆಂಗಿನಕಾಯಿ, ಹರಿದ ಬಲೆ. ನೀರಿಗೆ ಇಳಿಯಬೇಡಿ ಅಂತ ಲೈಫ್‌ಗಾರ್ಡ್ ಸೀಟಿ ಊದುತ್ತಿದ್ದ. ಹಾಗಾಗಿ ದಡದಲ್ಲಿಟ್ಟಿರುವ ಐಎನ್‌ಎಸ್ ಚಪಲ್ ಹತ್ತಿದೆವು. ಸೋವಿಯತ್ ಕಾಲದ ಕ್ಷಿಪಣಿ ನೌಕೆ, ಈಗ ಮ್ಯೂಸಿಯಂ. ಒಳಗಿನ ಕೋಣೆಗಳು ಎಷ್ಟು ಇಕ್ಕಟ್ಟು ಅಂದರೆ ಮಗನ ತಲೆ ಎರಡು ಸಲ ಬಡಿಯಿತು. ಇದರೊಳಗೆ ಜನ ತಿಂಗಳುಗಟ್ಟಲೆ ಹೇಗಿದ್ದರು ಅಂತ ಅವ್ವ ಕೇಳಿದರು, ಬೆವರು ಒರೆಸಿಕೊಳ್ಳುತ್ತಾ.

ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದದ್ದು ಇಪ್ಪತ್ತರ ಹರೆಯದಲ್ಲಿ. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಐಸಿಎಸ್ ಸೇರಿದ ಮೊದಲ ಭಾರತೀಯ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ವಾಪಸ್ ಬರುವಾಗ ಮರಳಿನಲ್ಲಿ ನಡೆದು ಮನೆ ಸೇರಿದ್ದನ್ನು ಅವರು ಬರೆದುಕೊಂಡಿದ್ದಾರೆ. ನಮ್ಮ ರಾತ್ರಿಗೂ ಅವರ ರಾತ್ರಿಗೂ ಬಹಳ ವ್ಯತ್ಯಾಸ ಬಿಡಿ. ಕಾಳಿ ಸೇತುವೆಯವರೆಗೆ ಹೋಗಿ ಬಂದೆವು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿದ್ದಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಉಳಿಸಿದ್ದರು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಅದರ ಹಿಂದೆ ಆಗಲೇ ಮೋಡ. ತಿರುಗಿದೆವು.

ಸೋಮವಾರ ಹೊರಡುವ ಮೊದಲು ಸಾಣಿಕಟ್ಟಾದವರೆಗೆ ಹೋಗಿದ್ದು ಉಪ್ಪಿಗಾಗಿ. ಅತ್ತೆಗೆ ಮೀನಿಗೂ ಉಪ್ಪಿನಕಾಯಿಗೂ ಅಲ್ಲಿಯ ಉಪ್ಪೇ ಆಗಬೇಕು. ದಾರಿಯಲ್ಲಿ ಶಿರೂರು. 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ ಜಾಗ. ಒಂದು ಲಾರಿಯನ್ನು ನೀರಿನಿಂದ ಎತ್ತಲು ಸೆಪ್ಟೆಂಬರ್ ಬಂದಿತ್ತು. ಶನಿವಾರದ ಮಳೆಯನ್ನು ನಾವು ಕತೆ ಮಾಡಿ ಹೇಳಿಕೊಂಡು ನಗುತ್ತಿದ್ದೆವು. ಆ ಗುಡ್ಡದ ಕೆಂಪು ಗಾಯ ಕಂಡಾಗ ಮಾಮ ಕಿಟಕಿಯ ಗಾಜು ಏರಿಸಿ, ಸ್ವಲ್ಪ ಜೋರಾಗಿ ಹೋಗಲು ಹೇಳಿದರು.

ಸಾಣಿಕಟ್ಟಾದಲ್ಲಿ ಈ ಹಂಗಾಮಿನ ಕೆಲಸ ಮುಗಿದಂತೆಯೇ ಇತ್ತು. ಗದ್ದೆಗಳಲ್ಲಿ ಮಳೆನೀರು ನಿಂತಿತ್ತು. ಸಿಹಿನೀರು ಬಿದ್ದರೆ ಉಪ್ಪು ಕಟ್ಟುವುದಿಲ್ಲ. ಇದ್ದ ರಾಶಿಗೆ ತಾಡಪಾಲು ಹೊದಿಸಿದ್ದರು. ಬರುತ್ತಾ ಅಂಕೋಲಾ ಪೇಟೆಯಲ್ಲಿ ಇಶಾಡ ಕೊಂಡೆವು. ಕರಿ ಇಶಾಡಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದ ಮೇಲೆ ದರ ಏರಿದೆ ಅಂತ ಎಲ್ಲರೂ ಗೊಣಗುತ್ತಾರೆ, ಗೊಣಗಿಕೊಂಡೇ ಕೊಳ್ಳುತ್ತಾರೆ. ಕರಿಯದ್ದರ ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿಯದ್ದರ ಸಿಪ್ಪೆ ದಪ್ಪ. ಗಾಳಿಗೆ ಬಿದ್ದದ್ದನ್ನೂ ಸೇರಿಸಿ ಮಾರುತ್ತಿದ್ದಾರೆ ಅಂತ ಅವ್ವನಿಗೆ ಅನುಮಾನ. ಬುಟ್ಟಿಯ ಮುಂದೆ ಕೂತಿದ್ದ, ಕೊರಳ ತುಂಬ ಮಣಿಸರದ ಹಾಲಕ್ಕಿ ಅಜ್ಜಿ ಒಂದು ಹಣ್ಣು ಒಡೆದು ಕೈಗಿಟ್ಟು, "ತಿಂದ್ಕಂಡ್ ಮಾತಾಡು" ಅಂದಳು. ಅವ್ವ ತಿಂದರು. ಮಾತಾಡಲಿಲ್ಲ.

ಡಿಕ್ಕಿಯಲ್ಲಿ ಹಪ್ಪಳ, ಮುರುಗಲು, ಉಪ್ಪು, ಮಾವು, ಮತ್ತೆ ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿದ ಒಣಬಂಗಡೆ, ಮೊಮ್ಮಗನಿಗೆ ಅಂತ ಅತ್ತೆ ಕೊಟ್ಟದ್ದು. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಐದು ನಿಮಿಷದಲ್ಲಿ ಕಾರಿನ ಹಿಂದೆ ನಾಲ್ಕು ನಾಯಿ. ಚಹಾದಂಗಡಿಯವನು ನಮ್ಮನ್ನೂ ನಾಯಿಗಳನ್ನೂ ನೋಡಿ, "ಅಂಕೋಲಾದಿಂದ ಬಂದ್ರಾ?" ಅಂತ ಕೇಳಿದ.

"ಹೌದ್ರಿ, ಶೆಟ್ಲಿನೂ ತರಬೇಕಿತ್ತು, ಇವರ ಬ್ಯಾಡ ಅಂದ್ರು" ಅಂದರು ಅವ್ವ, ನನ್ನ ಗಂಡನ ಕಡೆ ಕೈ ಮಾಡಿ.